ಸ್ಯಾನ್ ಫ್ರಾನ್ಸಿಸ್ಕೊ ಡಾನ್ಸ್: 1951ರ ಫುಟ್‌ಬಾಲ್ ಋತು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ 1951ರ ಋತುವಿನಲ್ಲಿ ಒಂಬತ್ತು ಪಂದ್ಯಗಳನ್ನಾಡಿ ಒಂಬತ್ತನ್ನೂ ಗೆದ್ದಿತು. ತಂಡದ ಅಡ್ಡಹೆಸರು ಡಾನ್ಸ್. ಹೀಗೆ ಅಜೇಯವಾಗಿ ಉಳಿದ ತಂಡಗಳನ್ನು ವರ್ಷಾಂತ್ಯದ 'ಬೌಲ್' ಪಂದ್ಯಗಳಿಗೆ ಕರೆಯುವುದು ರೂಢಿ. ಡಾನ್ಸ್‌ಗೆ ಆ ಕರೆ ಬರಲಿಲ್ಲ. ಋತು ಮುಗಿದ ಬೆನ್ನಿಗೇ ವಿಶ್ವವಿದ್ಯಾಲಯ ಫುಟ್‌ಬಾಲ್ ವಿಭಾಗವನ್ನೇ ಮುಚ್ಚಿತು. ಸೋಲಿಲ್ಲ, ಸಮಬಲವಿಲ್ಲ, ಆಹ್ವಾನವೂ ಇಲ್ಲ ಎಂಬರ್ಥದ ಮಾತು ಅಂದಿನಿಂದ ಈ ತಂಡದ ಹೆಸರಿಗೆ ಅಂಟಿಕೊಂಡಿದೆ. ಆಹ್ವಾನ ಬಾರದ್ದಕ್ಕೆ ತಂಡದಲ್ಲಿದ್ದ ಇಬ್ಬರು ಕಪ್ಪು ವರ್ಣೀಯ ಆಟಗಾರರು ಕಾರಣವೆಂಬುದನ್ನು ಈಗ ಬಹುತೇಕ ಎಲ್ಲರೂ ಒಪ್ಪುತ್ತಾರೆ. ಆ ಇಬ್ಬರು ಓಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್. ಅಮೆರಿಕದ ಕ್ರೀಡಾ ಇತಿಹಾಸದಲ್ಲಿ ವರ್ಣಭೇದದ ಚರ್ಚೆ ಬಂದಾಗಲೆಲ್ಲ ಈ ತಂಡದ ಪ್ರಸ್ತಾಪವಾಗುತ್ತದೆ. ಆದರೆ ಆಡದೆ ಹೋದ ಪಂದ್ಯದ ಕಥೆಯ ಅಡಿಯಲ್ಲಿ ಆಡಿದ ಒಂಬತ್ತು ಪಂದ್ಯಗಳು ಮರೆಯಾಗಿವೆ. ತಂಡಕ್ಕೆ ಆದದ್ದು ಎಷ್ಟು ದೊಡ್ಡ ಅನ್ಯಾಯ ಎಂದು ತಿಳಿಯಬೇಕಾದರೆ ಆಟದಿಂದಲೇ ಶುರುಮಾಡಬೇಕು.

ಇದು ಅಮೆರಿಕನ್ ಫುಟ್‌ಬಾಲ್. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ ಅಥವಾ ಎಸೆದು ಎದುರಾಳಿಯ ಗಡಿ ದಾಟಿಸುವ ಆಟ. ಪ್ರತಿ ಬದಿಗೆ ಹನ್ನೊಂದು ಜನ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಗಡಿ ದಾಟಿದರೆ ಟಚ್‌ಡೌನ್, ಅದಕ್ಕೆ ಆರು ಅಂಕ. ಕಾಲೇಜು ತಂಡಗಳ ಋತು ಸೆಪ್ಟೆಂಬರ್‌ನಲ್ಲಿ ಆರಂಭವಾಗಿ ನವೆಂಬರ್ ಕೊನೆಗೆ ಮುಗಿಯುತ್ತಿತ್ತು. ಆಮೇಲೆ ಹೊಸ ವರ್ಷದ ಆಸುಪಾಸಿನಲ್ಲಿ ರೋಸ್, ಶುಗರ್, ಆರೆಂಜ್, ಕಾಟನ್, ಗೇಟರ್, ಸನ್ ಮೊದಲಾದ ಬೌಲ್ ಪಂದ್ಯಗಳು. ಇವು ಲೀಗ್‌ನ ಫೈನಲ್‌ಗಳಲ್ಲ. ಒಂದೊಂದು ಊರಿನ ಗಣ್ಯರೂ ವ್ಯಾಪಾರಿಗಳೂ ಸೇರಿ ಕಟ್ಟಿಕೊಂಡ ಸಮಿತಿಗಳು ತಮಗೆ ಬೇಕಾದ ತಂಡಗಳನ್ನು ಕರೆದು ಆಡಿಸುತ್ತಿದ್ದವು. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬುದಕ್ಕೆ ಸಮಿತಿಯ ಮರ್ಜಿಯೇ ನಿಯಮ. ಟಿಕೆಟ್ ಹಣದಲ್ಲಿ ತಂಡಗಳಿಗೂ ಪಾಲಿತ್ತು. ಸಣ್ಣ ಕಾಲೇಜಿಗೆ ಆ ಪಾಲು ಒಂದಿಡೀ ವರ್ಷದ ಖರ್ಚನ್ನು ತೂಗಿಸುವಷ್ಟು ದೊಡ್ಡದಾಗಿರುತ್ತಿತ್ತು.

ಹಿನ್ನೆಲೆ

ಜೆಸ್ಯೂಟ್ ಪಾದ್ರಿಗಳು 1855ರಲ್ಲಿ ಆರಂಭಿಸಿದ ಶಾಲೆಯೊಂದು ಬೆಳೆದು ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯವಾಯಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಸ್ಟ್ಯಾನ್‌ಫರ್ಡ್‌ಗಳಂಥ ನೆರೆಯ ದೈತ್ಯರ ಮುಂದೆ ಇದು ತೀರಾ ಸಣ್ಣ ಸಂಸ್ಥೆ. ಆ ದೊಡ್ಡ ವಿಶ್ವವಿದ್ಯಾಲಯಗಳು ಪೆಸಿಫಿಕ್ ಕೋಸ್ಟ್ ಒಕ್ಕೂಟದ ಸದಸ್ಯರು. ಡಾನ್ಸ್ ಯಾವ ಒಕ್ಕೂಟಕ್ಕೂ ಸೇರದ ಸ್ವತಂತ್ರ ತಂಡ. ಸೇಂಟ್ ಮೇರೀಸ್, ಸಾಂತಾ ಕ್ಲಾರಾ, ಲಾಸ್ ಏಂಜಲೀಸ್‌ನ ಲೊಯೊಲಾ ಮೊದಲಾದ ಸಣ್ಣ ಕ್ಯಾಥೊಲಿಕ್ ಕಾಲೇಜುಗಳ ಪಾಡೂ ಇದೇ. ಫುಟ್‌ಬಾಲ್ ದುಬಾರಿ ಆಟ. ವಿದ್ಯಾರ್ಥಿವೇತನ, ಉಡುಪು, ಪ್ರಯಾಣ ಎಂದು ಖರ್ಚು ಬೆಳೆಯುತ್ತಲೇ ಹೋಗುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ ಈ ಕಾಲೇಜುಗಳು ಹೆಸರಿಗಾಗಿ ಅದನ್ನು ನಡೆಸಿಕೊಂಡು ಬಂದಿದ್ದವು. ಮೇಲಾಗಿ 1946ರಲ್ಲಿ ಊರಿಗೆ ಫಾರ್ಟಿನೈನರ್ಸ್ ಎಂಬ ವೃತ್ತಿಪರ ತಂಡ ಬಂತು. ಡಾನ್ಸ್ ಆಡುತ್ತಿದ್ದ ಕೀಜರ್ ಮೈದಾನವೇ ಅದಕ್ಕೂ ತವರಾಯಿತು. ಟಿಕೆಟ್‌ಗೆ ದುಡ್ಡು ಕೊಡುವವರು ಅತ್ತ ಹೊರಳಿದರು.

1948ರಲ್ಲಿ ಕೋಚ್ ಆಗಿ ಬಂದವರು ಜೋ ಕುಹಾರಿಚ್. ನೋಟರ್ ಡೇಮ್‌ನಲ್ಲಿ ಕಲಿತು, ಶಿಕಾಗೊ ಕಾರ್ಡಿನಲ್ಸ್ ಪರ ವೃತ್ತಿಪರ ಆಟ ಆಡಿದ್ದ ಕಟ್ಟುನಿಟ್ಟಿನ ಮನುಷ್ಯ. ಹೆಸರಾಂತ ಆಟಗಾರರನ್ನು ದೂರದಿಂದ ತರಿಸಲು ಅವರ ಬಳಿ ಹಣವಿರಲಿಲ್ಲ. ಹಾಗಾಗಿ ಸುತ್ತಲಿನ ಎರಡು ವರ್ಷದ ಜೂನಿಯರ್ ಕಾಲೇಜುಗಳಲ್ಲಿ ಹುಡುಕಿದರು. ಟೆಕ್ಸಸ್‌ನಲ್ಲಿ ಹುಟ್ಟಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಳೆದ ಮ್ಯಾಟ್ಸನ್, ಟೆನೆಸಿಯ ಮೆಂಫಿಸ್‌ನಿಂದ ಬಂದ ಟೋಲರ್, ಇಬ್ಬರೂ ಸಿಕ್ಕಿದ್ದು ಊರಿನ ಸಿಟಿ ಕಾಲೇಜಿನಲ್ಲಿ. ಅವರಿದ್ದ 1948ರ ಸಿಟಿ ಕಾಲೇಜು ತಂಡವೂ ಸೋಲು ಕಂಡಿರಲಿಲ್ಲ. ಜಿನೊ ಮಾರ್ಕೆಟಿ ಇನ್ನೊಂದು ಬಗೆಯವರು. ಹದಿಹರೆಯದಲ್ಲೇ ಸೈನ್ಯ ಸೇರಿ ಯುರೋಪಿನ ಯುದ್ಧಭೂಮಿಯಲ್ಲಿ ಬಂದೂಕು ಹಿಡಿದು, ಮರಳಿ ಬಂದು, ಮೊಡೆಸ್ಟೊ ಜೂನಿಯರ್ ಕಾಲೇಜಿನಲ್ಲಿ ಆಡುತ್ತಿದ್ದರು. ಚರ್ಮದ ಜಾಕೆಟ್ ತೊಟ್ಟು ಮೋಟಾರ್ ಸೈಕಲ್ ಏರಿ ಬಂದ ಈ ಹುಡುಗನನ್ನು ಕಂಡು ಕೋಚ್ ಹುಬ್ಬುಗಂಟಿಕ್ಕಿದರೆಂದು ಮಾರ್ಕೆಟಿ ಕೊನೆಯವರೆಗೂ ಹೇಳಿಕೊಂಡು ನಗುತ್ತಿದ್ದರು. ಆರಡಿ ಒಂಬತ್ತು ಅಂಗುಲದ ಬಾಬ್ ಸೇಂಟ್ ಕ್ಲೇರ್ ಮಾತ್ರ ಅಪ್ಪಟ ಊರಿನವರು. ಕೀಜರ್ ಮೈದಾನದ ಪಕ್ಕದ ಪಾಲಿಟೆಕ್ನಿಕ್ ಹೈಸ್ಕೂಲಿನ ಹುಡುಗ. ದಾಳಿಯನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಎಡ್ ಬ್ರೌನ್.

ತಂಡದ ಪ್ರಚಾರದ ಹೊಣೆ ಹೊತ್ತಿದ್ದವರು ಅದೇ ವಿಶ್ವವಿದ್ಯಾಲಯದಲ್ಲಿ ಆಗಷ್ಟೇ ಓದು ಮುಗಿಸಿದ್ದ ಪೀಟ್ ರೊಜೆಲ್. ಪತ್ರಿಕಾ ಕಚೇರಿಗಳಿಗೆ ಆಟಗಾರರ ಅಂಕಿ-ಅಂಶ ಒದಗಿಸುವುದು ಅವರ ಕೆಲಸ. ಈ ಹೆಸರು ಮುಂದೆ ಮತ್ತೆ ಬರುತ್ತದೆ.

1950ರಲ್ಲಿ ಏಳು ಗೆಲುವು, ನಾಲ್ಕು ಸೋಲು. ಮರುವರ್ಷ ಹಣೆಬರಹ ಬದಲಾಗುವ ಲಕ್ಷಣವೇನೂ ಹೊರಗಿನವರಿಗೆ ಕಾಣುತ್ತಿರಲಿಲ್ಲ. ಬೇಸಿಗೆಯ ಶಿಬಿರವನ್ನು ಕುಹಾರಿಚ್ ಉತ್ತರ ಕ್ಯಾಲಿಫೋರ್ನಿಯಾದ ಕಾರ್ನಿಂಗ್‌ನಲ್ಲಿ ನಡೆಸಿದರು. ಆಲಿವ್ ತೋಪುಗಳ ಸಣ್ಣ ಪಟ್ಟಣ, ಮೈ ಸುಡುವ ಸೆಕೆ. ಅಲ್ಲಿ ಪಟ್ಟ ಪಾಡು ನೆನೆದರೆ ಆಮೇಲಿನ ಪಂದ್ಯಗಳೆಲ್ಲ ಹಗುರವೆಂದು ಆಟಗಾರರು ಹೇಳುತ್ತಿದ್ದರು.

ಒಂಬತ್ತು ಪಂದ್ಯಗಳು

ಸ್ಯಾನ್ ಹೊಸೆ ಸ್ಟೇಟ್ ತಂಡವನ್ನು 39–2ರಿಂದ ಸೋಲಿಸುವುದರೊಂದಿಗೆ ಋತು ಆರಂಭವಾಯಿತು. ಐಡಹೊ ವಿರುದ್ಧ 28–7. ಅದು ಕೊರಿಯಾ ಯುದ್ಧದ ಕಾಲವಾದ್ದರಿಂದ ಸೇನಾ ನೆಲೆಗಳಲ್ಲೂ ಫುಟ್‌ಬಾಲ್ ತಂಡಗಳಿದ್ದವು. ಮರೀನ್ ಪಡೆಯ ಕ್ಯಾಂಪ್ ಪೆಂಡಲ್‌ಟನ್ ತಂಡಕ್ಕೆ ಡಾನ್ಸ್ ಒಂದೂ ಅಂಕ ಬಿಟ್ಟುಕೊಡಲಿಲ್ಲ. ಸ್ಯಾನ್ ಡಿಯಾಗೊ ನೌಕಾ ತರಬೇತಿ ಕೇಂದ್ರದ ತಂಡವೂ ಸೋತಿತು. ಸ್ಯಾನ್ ಹೊಸೆ ಸ್ಟೇಟ್ ಅದೇ ಋತುವಿನಲ್ಲಿ ಎರಡನೇ ಬಾರಿ ಎದುರಾಗಿ ಮತ್ತೆ ಮಣ್ಣುಮುಕ್ಕಿತು. ಹಳೆಯ ಪ್ರತಿಸ್ಪರ್ಧಿ ಸಾಂತಾ ಕ್ಲಾರಾ ಕೂಡ ಉಳಿಯಲಿಲ್ಲ.

ಈ ಪಟ್ಟಿಯಲ್ಲಿ ದೊಡ್ಡ ಹೆಸರುಗಳಿಲ್ಲ. ಪೆಸಿಫಿಕ್ ಕೋಸ್ಟ್ ಒಕ್ಕೂಟದ ಬಲಾಢ್ಯರ ಪೈಕಿ ಒಬ್ಬರ ವಿರುದ್ಧವೂ ಆ ವರ್ಷ ಡಾನ್ಸ್ ಆಡಲಿಲ್ಲ. ಮುಂದೆ ಬೌಲ್ ಸಮಿತಿಗಳಿಗೆ ನೆಪವಾದದ್ದು ಇದೇ, ಮತ್ತು ಆ ನೆಪದಲ್ಲಿ ತಿರುಳೇ ಇರಲಿಲ್ಲ ಎಂದು ಹೇಳಲಾಗದು.

ಅಕ್ಟೋಬರ್‌ನಲ್ಲಿ ತಂಡ ದೇಶದ ಇನ್ನೊಂದು ತುದಿಗೆ, ನ್ಯೂಯಾರ್ಕಿಗೆ ಹೋಯಿತು. ರ‍್ಯಾಂಡಲ್ಸ್ ದ್ವೀಪದ ಟ್ರೈಬರೊ ಕ್ರೀಡಾಂಗಣ, ಎದುರಾಳಿ ಇನ್ನೊಂದು ಜೆಸ್ಯೂಟ್ ಸಂಸ್ಥೆ ಫೋರ್ಡಮ್. ಋತುವಿನ ಅತ್ಯಂತ ಬಿಗಿಯಾದ ಪಂದ್ಯ ಇದೇ. ಅಮೆರಿಕದ ದೊಡ್ಡ ಪತ್ರಿಕೆಗಳಿದ್ದ ಊರಿನಲ್ಲಿ ಮ್ಯಾಟ್ಸನ್ ಅಂದು ತೋರಿಸಿದ್ದು ಹೀಗೆ: ಎದುರಾಳಿ ಆಟ ಆರಂಭಿಸಲು ಒದ್ದ ಚೆಂಡು ಮೈದಾನದ ಹಿಂಬದಿಯಲ್ಲಿ ಅವರ ಕೈಸೇರುತ್ತದೆ. ಹನ್ನೊಂದು ಜನ ಎದುರಿನಿಂದ ನುಗ್ಗಿ ಬರುತ್ತಾರೆ. ಅವರ ನಡುವೆ ದಾರಿ ಮಾಡಿಕೊಂಡು 94 ಗಜ ಓಡಿ ಟಚ್‌ಡೌನ್. ಅದೇ ಪಂದ್ಯದಲ್ಲಿ ಮತ್ತೊಮ್ಮೆ ಹಾಗೆಯೇ 90 ಗಜ. ಒಂದು ಪಂದ್ಯದಲ್ಲಿ ಒಮ್ಮೆ ಇಂಥ ಓಟ ಕಂಡರೇ ಪ್ರೇಕ್ಷಕ ಜನ್ಮವಿಡೀ ನೆನಪಿಟ್ಟುಕೊಳ್ಳುತ್ತಾನೆ. ಡಾನ್ಸ್ 32–26ರಿಂದ ಗೆದ್ದಿತು. ಆ ಎರಡು ಓಟಗಳಿಲ್ಲದಿದ್ದರೆ ಅಜೇಯ ಋತು ಅಲ್ಲಿಗೇ ಮುಗಿಯುತ್ತಿತ್ತು.

ಋತುವಿಡೀ ಮ್ಯಾಟ್ಸನ್ ಚೆಂಡು ಹಿಡಿದು ಓಡಿದ ಒಟ್ಟು ದೂರ 1,566 ಗಜ, ಟಚ್‌ಡೌನ್ 21. ಓಟದಲ್ಲಿ ಇಡೀ ದೇಶಕ್ಕೇ ಅವರು ಮೊದಲಿಗರು. ಎಷ್ಟು ಬಾರಿಯಾದರೂ ಆಟಗಾರರನ್ನು ಬದಲಿಸಲು ಆಗಿನ ನಿಯಮ ಅವಕಾಶ ಕೊಟ್ಟಿದ್ದರಿಂದ ಹಲವು ತಂಡಗಳು ದಾಳಿಗೊಂದು, ರಕ್ಷಣೆಗೊಂದು ಎಂದು ಬೇರೆಬೇರೆ ಪಡೆಗಳನ್ನೇ ಇಟ್ಟುಕೊಂಡಿದ್ದವು. ಮ್ಯಾಟ್ಸನ್ ಎರಡೂ ಕಡೆ ಆಡಿದರು. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್ಮನ್ ಪ್ರಶಸ್ತಿಯ ಮತದಾನದಲ್ಲಿ ಅವರಿಗೆ ಸಿಕ್ಕಿದ್ದು ಒಂಬತ್ತನೆಯ ಸ್ಥಾನ. ಪ್ರಶಸ್ತಿ ಪ್ರಿನ್ಸ್‌ಟನ್‌ನ ಡಿಕ್ ಕಜ್ಮಾಯರ್ ಪಾಲಾಯಿತು.

ನವೆಂಬರ್ 17ರಂದು ಸ್ಟಾಕ್‌ಟನ್‌ನಲ್ಲಿ ಕಾಲೇಜ್ ಆಫ್ ದಿ ಪೆಸಿಫಿಕ್ ವಿರುದ್ಧ ನಡೆದ ಪಂದ್ಯ ಇಡೀ ಋತುವಿನ ಒರೆಗಲ್ಲು. ಪೆಸಿಫಿಕ್ ಗಟ್ಟಿ ತಂಡ, ಮೈದಾನವೂ ಅವರದೇ. ಡಾನ್ಸ್ 47–14ರಿಂದ ಗೆದ್ದಿತು. ಮುಂದಿನ ವಾರ ಪ್ಯಾಸಡೀನಾದ ರೋಸ್ ಬೌಲ್ ಮೈದಾನದಲ್ಲಿ ಲೊಯೊಲಾವನ್ನು 20–2ರಿಂದ ಸೋಲಿಸುವುದರೊಂದಿಗೆ ಲೆಕ್ಕ 9–0 ಆಯಿತು. ಮೈದಾನ ರೋಸ್ ಬೌಲ್ ಆದರೂ ಪಂದ್ಯ ಸಾಮಾನ್ಯದ್ದು. ನಿಜವಾದ ರೋಸ್ ಬೌಲ್ ಪಂದ್ಯ ಪೆಸಿಫಿಕ್ ಕೋಸ್ಟ್ ಒಕ್ಕೂಟ ಮತ್ತು ಮಧ್ಯಪಶ್ಚಿಮದ ಒಕ್ಕೂಟದ ನಡುವಿನ ಒಪ್ಪಂದಕ್ಕೆ ಒಳಪಟ್ಟಿತ್ತು. ಸ್ವತಂತ್ರ ತಂಡಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಅಸೋಸಿಯೇಟೆಡ್ ಪ್ರೆಸ್ ಪ್ರಕಟಿಸಿದ ಕೊನೆಯ ರ‍್ಯಾಂಕಿಂಗ್‌ನಲ್ಲಿ ಡಾನ್ಸ್‌ಗೆ ಹದಿನಾಲ್ಕನೆಯ ಸ್ಥಾನ ಸಿಕ್ಕಿತು.

ಬಾರದ ಕರೆ

ರೋಸ್ ಬೌಲ್ ಮುಚ್ಚಿದ ಬಾಗಿಲಾದ ಮೇಲೆ ಉಳಿದದ್ದು ದಕ್ಷಿಣದ ಬೌಲ್‌ಗಳು. ಮಯಾಮಿಯ ಆರೆಂಜ್, ನ್ಯೂ ಆರ್ಲಿಯನ್ಸ್‌ನ ಶುಗರ್, ಜ್ಯಾಕ್ಸನ್‌ವಿಲ್‌ನ ಗೇಟರ್, ಮೂರೂ ಬಿಳಿಯರಿಗೂ ಕಪ್ಪು ವರ್ಣೀಯರಿಗೂ ಬಸ್ಸು, ಹೋಟೆಲು, ಶಾಲೆ ಎಲ್ಲವನ್ನೂ ಬೇರೆಬೇರೆ ಮಾಡಿದ್ದ ರಾಜ್ಯಗಳಲ್ಲಿ ನಡೆಯುವಂಥವು. ಶಾಲೆಗಳಲ್ಲಿ ಈ ಪ್ರತ್ಯೇಕತೆ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಡಲು ಇನ್ನೂ ಎರಡೂವರೆ ವರ್ಷವಿತ್ತು.

ಮ್ಯಾಟ್ಸನ್ ಮತ್ತು ಟೋಲರ್ ಅವರನ್ನು ಬಿಟ್ಟು ಬರುವುದಾದರೆ ಕರೆಯುತ್ತೇವೆ ಎಂಬ ಸೂಚನೆ ಬಂತು, ತಂಡ ಒಪ್ಪಲಿಲ್ಲ. ಆಟಗಾರರು ದಶಕಗಳ ಕಾಲ ಒಂದೇ ಬಾಯಲ್ಲಿ ಹೇಳಿಕೊಂಡು ಬಂದಿರುವುದು ಇದನ್ನು. ಸಭೆ ಸೇರಿ ಮತ ಹಾಕುವ ಪ್ರಶ್ನೆಯೇ ಏಳಲಿಲ್ಲವೆಂದೂ ಅವರು ಹೇಳುತ್ತಾರೆ. ಆರೆಂಜ್, ಶುಗರ್, ಗೇಟರ್ ಸಮಿತಿಗಳಿಗೆ ಕಪ್ಪು ಆಟಗಾರರಿರುವ ತಂಡ ಬೇಡವಾಗಿತ್ತೆಂದು ಸ್ಯಾನ್ ಫ್ರಾನ್ಸಿಸ್ಕೊದ ರೇಡಿಯೊ ವರದಿಗಾರ ಐರಾ ಬ್ಲೂ ಆಗಲೇ ಸುದ್ದಿ ಕೊಟ್ಟಿದ್ದರು. ಬಹಿರಂಗವಾಗಿ ಕೇಳಿಬಂದ ಕಾರಣ ಮಾತ್ರ ಬೇರೆ: ಡಾನ್ಸ್ ಎದುರಿಸಿದ ತಂಡಗಳು ದುರ್ಬಲ.

ಈ ಕಾರಣವನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ಡಾನ್ಸ್ ಕೈಯಲ್ಲಿ 47–14ರಿಂದ ಏಟು ತಿಂದ ಪೆಸಿಫಿಕ್ ತಂಡಕ್ಕೆ ಆ ವರ್ಷ ಬೌಲ್ ಕರೆ ಬಂತು. 1952ರ ಹೊಸ ವರ್ಷದ ದಿನ ಟೆಕ್ಸಸ್‌ನ ಎಲ್ ಪಾಸೊದ ಸನ್ ಬೌಲ್‌ನಲ್ಲಿ ಆಡಿ ಅದು ಟೆಕ್ಸಸ್ ಟೆಕ್ ಎದುರು 25–14ರಿಂದ ಸೋತಿತು. ಸೋತ ತಂಡ ಅರ್ಹವಾದರೆ ಗೆದ್ದ ತಂಡ ಅನರ್ಹವಾದದ್ದು ಹೇಗೆ? ಆದರೆ ಇದೇ ಉದಾಹರಣೆ ಕಥೆಯನ್ನು ಸ್ವಲ್ಪ ಜಟಿಲವೂ ಮಾಡುತ್ತದೆ. ಪೆಸಿಫಿಕ್ ತಂಡದಲ್ಲೂ ಎಡ್ಡಿ ಮೇಕನ್ ಎಂಬ ಕಪ್ಪು ವರ್ಣೀಯ ಆಟಗಾರರಿದ್ದರು. ಡಲ್ಲಾಸ್‌ನ ಕಾಟನ್ ಬೌಲ್ 1948ರಲ್ಲೇ ಪೆನ್ ಸ್ಟೇಟ್ ತಂಡದ ಇಬ್ಬರು ಕಪ್ಪು ಆಟಗಾರರನ್ನು ಕಣಕ್ಕಿಳಿಯಲು ಬಿಟ್ಟಿತ್ತು. ಅಂದರೆ ದಕ್ಷಿಣವೆಲ್ಲ ಒಂದೇ ಗೋಡೆಯಾಗಿರಲಿಲ್ಲ. ಟೆಕ್ಸಸ್‌ನಲ್ಲಿ ಬಿರುಕು ಬಿಟ್ಟ ಗೋಡೆ ಫ್ಲಾರಿಡಾ, ಲೂಯಿಸಿಯಾನಾಗಳಲ್ಲಿ ಗಟ್ಟಿಯಾಗಿಯೇ ನಿಂತಿತ್ತು. ನ್ಯೂ ಆರ್ಲಿಯನ್ಸ್‌ನ ಶುಗರ್ ಬೌಲ್‌ನಲ್ಲಿ ಪಿಟ್ಸ್‌ಬರ್ಗ್‌ನ ಕಪ್ಪು ವರ್ಣೀಯ ಆಟಗಾರ ಬಾಬಿ ಗ್ರಿಯರ್ ಆಡಿದ್ದು 1956ರ ಜನವರಿಯಲ್ಲಿ. ಆಗಲೂ ಎದುರಾಳಿ ಜಾರ್ಜಿಯಾ ಟೆಕ್ ಆಡಲೇಬಾರದೆಂದು ಜಾರ್ಜಿಯಾದ ಗವರ್ನರ್ ಮಾರ್ವಿನ್ ಗ್ರಿಫಿನ್ ಪಟ್ಟುಹಿಡಿದಿದ್ದರು.

ಮೈದಾನದೊಳಗೂ ವಾತಾವರಣ ಹಿತವಾಗಿರಲಿಲ್ಲ. ಡಾನ್ಸ್ ನ್ಯೂಯಾರ್ಕಿಗೆ ಹೋಗಿಬಂದ ಅದೇ ಅಕ್ಟೋಬರ್ ತಿಂಗಳ 20ರಂದು ಒಕ್ಲಹೋಮಾದ ಸ್ಟಿಲ್‌ವಾಟರ್‌ನಲ್ಲಿ ಡ್ರೇಕ್ ವಿಶ್ವವಿದ್ಯಾಲಯದ ಕಪ್ಪು ವರ್ಣೀಯ ಆಟಗಾರ ಜಾನಿ ಬ್ರೈಟ್ ಅವರ ದವಡೆ ಮುರಿಯಿತು. ಚೆಂಡು ಕೈಬಿಟ್ಟು ಸುಮ್ಮನೆ ನಿಂತಿದ್ದವರ ಮುಖಕ್ಕೆ ಎದುರಾಳಿ ತಂಡದವನು ಗುದ್ದಿದ್ದ. ಆ ಗುದ್ದನ್ನು ಸರಣಿ ಚಿತ್ರಗಳಲ್ಲಿ ಹಿಡಿದ ಛಾಯಾಗ್ರಾಹಕರಿಬ್ಬರಿಗೆ ಮರುವರ್ಷ ಪುಲಿಟ್ಜರ್ ಬಹುಮಾನ ಬಂತು. ಮ್ಯಾಟ್ಸನ್, ಟೋಲರ್ ಆಡುತ್ತಿದ್ದ ಕಾಲ ಎಂಥದೆಂದು ತಿಳಿಯಲು ಆ ಚಿತ್ರಗಳೇ ಸಾಕು.

ಬೌಲ್ ಕೈತಪ್ಪಿದ್ದು ಬರೀ ಮಾನದ ಪ್ರಶ್ನೆಯಲ್ಲ, ಹಣದ್ದೂ ಹೌದು. ಆ ವರ್ಷ ಫುಟ್‌ಬಾಲ್‌ನಿಂದ ವಿಶ್ವವಿದ್ಯಾಲಯಕ್ಕಾದ ನಷ್ಟ ಸುಮಾರು 70,000 ಡಾಲರ್. ಒಂದು ದೊಡ್ಡ ಬೌಲ್ ಪಂದ್ಯದ ಪಾಲು ಸಿಕ್ಕಿದ್ದರೆ ಆ ಹಳ್ಳ ತುಂಬುತ್ತಿತ್ತು. ಸಿಗಲಿಲ್ಲ, ತಂಡವನ್ನು ವಿಸರ್ಜಿಸಲಾಯಿತು. ಹಾಗೆಂದು ಫುಟ್‌ಬಾಲ್ ನಿಂತದ್ದು ವರ್ಣಭೇದವೊಂದರಿಂದಲೇ ಎನ್ನುವುದು ಸರಿಯಲ್ಲ. ಸೇಂಟ್ ಮೇರೀಸ್ 1950ರ ಋತುವಿನ ನಂತರವೇ ಆಟ ಕೈಬಿಟ್ಟಿತ್ತು. ಲೊಯೊಲಾ 1951ರಲ್ಲಿ, ಸಾಂತಾ ಕ್ಲಾರಾ 1952ರಲ್ಲಿ ಅದೇ ದಾರಿ ಹಿಡಿದವು. ಸಣ್ಣ ಕ್ಯಾಥೊಲಿಕ್ ಕಾಲೇಜುಗಳ ದೊಡ್ಡ ಫುಟ್‌ಬಾಲ್ ಪಶ್ಚಿಮ ಕರಾವಳಿಯಲ್ಲಿ ಹೇಗೂ ಮುಳುಗುತ್ತಿದ್ದ ಹಡಗು. ಬೌಲ್ ಹಣ ಬಂದಿದ್ದರೆ ಡಾನ್ಸ್ ಇನ್ನೂ ಒಂದೆರಡು ವರ್ಷ ಏದುಸಿರು ಬಿಡುತ್ತ ಆಡಿರುತ್ತಿತ್ತು, ಅಷ್ಟೆ.

ಆಟಗಾರರ ಮುಂದಿನ ದಾರಿ

ಈ ತಂಡದ ಒಂಬತ್ತು ಜನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಆಡಿದರು. ಅವರ ಪೈಕಿ ಮ್ಯಾಟ್ಸನ್, ಮಾರ್ಕೆಟಿ, ಸೇಂಟ್ ಕ್ಲೇರ್ ಮೂವರೂ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದರು. ಒಂದೇ ಕಾಲೇಜಿನ ಒಂದೇ ವರ್ಷದ ತಂಡಕ್ಕೆ ಇದು ಸಾಮಾನ್ಯ ಸಾಧನೆಯಲ್ಲ. ದುರ್ಬಲ ಎದುರಾಳಿಗಳ ವಿರುದ್ಧ ಗೆದ್ದವರು ಎಂಬ ಆಕ್ಷೇಪಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಮ್ಯಾಟ್ಸನ್ 1952ರಲ್ಲಿ ವೃತ್ತಿಪರ ಆಟ ಶುರುಮಾಡುವ ಮೊದಲು ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದರು. ಕುಸ್ತಿಯಲ್ಲಿ ಕೆ.ಡಿ. ಜಾಧವ್ ಭಾರತಕ್ಕೆ ಕಂಚು ಗೆದ್ದ ಆ ಕೂಟದಲ್ಲೇ ಮ್ಯಾಟ್ಸನ್‌ಗೆ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಬಂತು. ಬಳಿಕ ಶಿಕಾಗೊ ಕಾರ್ಡಿನಲ್ಸ್ ಸೇರಿದರು. ಆ ವರ್ಷ ಅಲ್ಲಿಯೂ ಕೋಚ್ ಕುಹಾರಿಚ್ ಅವರೇ. 1959ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಮ್ಯಾಟ್ಸನ್ ಒಬ್ಬರಿಗಾಗಿ ಆಟಗಾರರು, ಹೊಸ ಆಟಗಾರರ ಆಯ್ಕೆಯ ಹಕ್ಕುಗಳು ಸೇರಿ ಒಂಬತ್ತನ್ನು ಬಿಟ್ಟುಕೊಟ್ಟಿತು. ಆ ವ್ಯವಹಾರ ಕುದುರಿಸಿದ ರ‍್ಯಾಮ್ಸ್ ಜನರಲ್ ಮ್ಯಾನೇಜರ್ ಬೇರೆ ಯಾರೂ ಅಲ್ಲ, ಹಿಂದೆ ಡಾನ್ಸ್ ಪ್ರಚಾರ ನೋಡಿಕೊಳ್ಳುತ್ತಿದ್ದ ಪೀಟ್ ರೊಜೆಲ್. ರೊಜೆಲ್ ಮರುವರ್ಷವೇ ಇಡೀ ಎನ್‌ಎಫ್‌ಎಲ್‌ನ ಕಮಿಷನರ್ ಆಗಿ 1989ರವರೆಗೆ ಆ ಹುದ್ದೆಯಲ್ಲಿದ್ದರು.

ಮಾರ್ಕೆಟಿ ಬಾಲ್ಟಿಮೋರ್ ಕೋಲ್ಟ್ಸ್ ಪರ ಆಡಿ 1958 ಮತ್ತು 1959ರ ಲೀಗ್ ಪ್ರಶಸ್ತಿ ಗೆದ್ದರು. ರಕ್ಷಣಾ ಸಾಲಿನ ಅಂಚಿನಲ್ಲಿ ಅವರಂಥವರು ಬಂದಿಲ್ಲ ಎನ್ನುವವರು ಈಗಲೂ ಇದ್ದಾರೆ. ಡಾನ್ಸ್ ತಂಡ ಮುಚ್ಚಿದ ಮೇಲೆ ಸೇಂಟ್ ಕ್ಲೇರ್ ಕೊನೆಯ ವರ್ಷವನ್ನು ತುಲ್ಸಾದಲ್ಲಿ ಮುಗಿಸಿ ಫಾರ್ಟಿನೈನರ್ಸ್ ಸೇರಿದರು. ಹೈಸ್ಕೂಲು, ಕಾಲೇಜು, ವೃತ್ತಿಪರ ಆಟ ಮೂರನ್ನೂ ಕೀಜರ್‌ನಲ್ಲೇ ಆಡಿದ ಅವರ ಹೆಸರನ್ನೇ ಈಗ ಆ ಮೈದಾನಕ್ಕೆ ಇಡಲಾಗಿದೆ. ಹಸಿ ಮಾಂಸ ತಿನ್ನುವುದಕ್ಕೆ ಹೆಸರಾಗಿದ್ದ ಈ ದೈತ್ಯ ನೆರೆಯ ಡೇಲಿ ಸಿಟಿಯ ಮೇಯರ್ ಕೂಡ ಆಗಿದ್ದರು.

ಟೋಲರ್ ದಾರಿ ಇವರಂತಲ್ಲ. ತಂಡದ ಅತ್ಯುತ್ತಮ ಆಟಗಾರ ಅವರೇ ಎಂದು ಜೊತೆಗಾರರು ಹೇಳುತ್ತಿದ್ದುದುಂಟು. 1952ರಲ್ಲಿ ಕ್ಲೀವ್‌ಲೆಂಡ್ ಬ್ರೌನ್ಸ್ ಅವರನ್ನು ಆರಿಸಿಕೊಂಡಿತು. ಆದರೆ ಆ ಬೇಸಿಗೆಯಲ್ಲಿ ಕಾಲೇಜು ತಾರೆಯರ ಪ್ರದರ್ಶನ ಪಂದ್ಯವೊಂದರಲ್ಲಿ ಮೊಣಕಾಲಿಗೆ ಪೆಟ್ಟಾಗಿ ವೃತ್ತಿಪರ ಆಟ ಶುರುವಾಗುವ ಮೊದಲೇ ಮುಗಿಯಿತು. ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೇಷ್ಟರಾದರು, ಬಳಿಕ ಬೆಂಜಮಿನ್ ಫ್ರ್ಯಾಂಕ್ಲಿನ್ ಶಾಲೆಯ ಪ್ರಿನ್ಸಿಪಾಲರಾದರು. 1965ರಲ್ಲಿ ರೊಜೆಲ್ ಕಮಿಷನರ್ ಆಗಿದ್ದಾಗ ಟೋಲರ್ ಎನ್‌ಎಫ್‌ಎಲ್‌ನ ಮೊದಲ ಕಪ್ಪು ವರ್ಣೀಯ ತೀರ್ಪುಗಾರರಾಗಿ ನೇಮಕಗೊಂಡರು. ವಾರವೆಲ್ಲ ಶಾಲೆ, ಭಾನುವಾರ ಮೈದಾನ. ಹೀಗೆ ಸುಮಾರು ಕಾಲು ಶತಮಾನ. 1980ರ ಜನವರಿಯಲ್ಲಿ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ನಡೆಸಿಕೊಟ್ಟ ತೀರ್ಪುಗಾರರ ತಂಡದಲ್ಲಿ ಅವರೂ ಒಬ್ಬರು. ಆ ಹೊಣೆ ಪಡೆದ ಮೊದಲ ಕಪ್ಪು ವರ್ಣೀಯರೂ ಅವರೇ. ಪಂದ್ಯ ನಡೆದದ್ದು ಡಾನ್ಸ್ ತನ್ನ ಕೊನೆಯ ಪಂದ್ಯ ಗೆದ್ದ ಪ್ಯಾಸಡೀನಾದ ರೋಸ್ ಬೌಲ್ ಮೈದಾನದಲ್ಲೇ, ಲಕ್ಷಕ್ಕೂ ಮೀರಿದ ಪ್ರೇಕ್ಷಕರ ಮುಂದೆ. ಟೋಲರ್ 2009ರಲ್ಲಿ ತೀರಿಕೊಂಡರು.

ಕುಹಾರಿಚ್ ಮುಂದೆ ವಾಷಿಂಗ್ಟನ್, ನೋಟರ್ ಡೇಮ್, ಫಿಲಡೆಲ್ಫಿಯಾಗಳಲ್ಲಿ ಕೋಚ್ ಆಗಿದ್ದರೂ 1951ರ ಯಶಸ್ಸು ಮತ್ತೆ ಅವರ ಕೈಹಿಡಿಯಲಿಲ್ಲ.

ತಡವಾದ ಮನ್ನಣೆ

ಅರ್ಧ ಶತಮಾನ ಈ ತಂಡದ ಕಥೆ ಹಳೆಯ ಆಟಗಾರರ ವಾರ್ಷಿಕ ಕೂಟಗಳ ಆಚೆಗೆ ಅಷ್ಟಾಗಿ ದಾಟಲಿಲ್ಲ. 2000ದಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಕ್ಯಾಲಿಫೋರ್ನಿಯಾದ ಬಾರ್ಬರಾ ಬಾಕ್ಸರ್ ಗೊತ್ತುವಳಿಯೊಂದನ್ನು ಮಂಡಿಸಿದರು. ಜನಾಂಗೀಯ ಪೂರ್ವಗ್ರಹದಿಂದಾಗಿ ಬೌಲ್ ಕರೆ ತಪ್ಪಿಸಿ ತಂಡಕ್ಕೆ ಘೋರ ಅನ್ಯಾಯ ಮಾಡಲಾಯಿತೆಂದು ಅದರಲ್ಲಿ ಹೇಳಲಾಗಿತ್ತು. 2002ರಲ್ಲಿ ಈ ತಂಡದ ಬಗ್ಗೆ ಕ್ರಿಸ್ಟೀನ್ ಸೆಟ್ಟಿಂಗ್ ಕ್ಲಾರ್ಕ್ ಬರೆದ ಪುಸ್ತಕ ಬಂತು. 2006ರಲ್ಲಿ ವಿಶ್ವವಿದ್ಯಾಲಯ ಬದುಕುಳಿದಿದ್ದ ಆಟಗಾರರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಆದರೆ ತೂಕದ ಮನ್ನಣೆ ಬಂದದ್ದು ವಿದ್ಯಾರ್ಥಿಗಳಿಂದ. ಕ್ಯಾಂಪಸ್ಸಿನ ವಿದ್ಯಾರ್ಥಿನಿಲಯವೊಂದಕ್ಕೆ ಜೇಮ್ಸ್ ಫೀಲನ್ ಹೆಸರಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಮೇಯರ್ ಆಗಿ, ಬಳಿಕ ಸೆನೆಟರ್ ಆಗಿ ಮೆರೆದ ಈ ಫೀಲನ್, ಕ್ಯಾಲಿಫೋರ್ನಿಯಾ ಬಿಳಿಯರದ್ದಾಗಿಯೇ ಉಳಿಯಲಿ ಎಂಬ ಘೋಷಣೆಯೊಂದಿಗೆ 1920ರಲ್ಲಿ ಚುನಾವಣೆಗೆ ನಿಂತಿದ್ದವರು. ಅವರ ಸಿಟ್ಟು ಏಷ್ಯಾದಿಂದ ಬಂದವರ ಮೇಲೆ. ಆ ಹೆಸರು ತೆಗೆಯಬೇಕೆಂದು ವಿದ್ಯಾರ್ಥಿಗಳು ಒತ್ತಾಯಿಸಿದರು. 2017ರಿಂದ ಆ ಕಟ್ಟಡದ ಹೆಸರು ಟೋಲರ್ ಹಾಲ್.